ಶಾಲು ಹೊದಿಸಿದರೆ ಸಾಲದು, ಮಾಡು ಹೊದಿಸಬೇಕು

(ಮುಳಿಹುಲ್ಲಿನ ಮಾಡು ಕಟ್ಟುವ ಹಿರಿಯರೊಬ್ಬರನ್ನು ಸಂಪಾಜೆಯಲ್ಲಿ ಗೌರವಿಸಿದ ಸಂದರ್ಭದಲ್ಲಿ ಆಡಿದ ಅಭಿನಂದನೆಯ ಮಾತುಗಳ ಬರಹರೂಪ. ತಮ್ಮ ಹೆಸರನ್ನು ಅಚ್ಚುಮಾಡುವುದು ಬೇಡವೆಂದು ಹಿರಿಯರು ಕೋರಿದ್ದಾರೆ. ಮಾಡು ಕಟ್ಟುವುದು ಒಬ್ಬನ ಕೆಲಸವಲ್ಲ ಎಂಬುದು ಅವರು ಕೊಟ್ಟ ಕಾರಣ.)



ನಮ್ಮ ಭಾಷೆಯಲ್ಲಿ ಶಾಲನ್ನೂ ಹೊದಿಸುತ್ತಾರೆ, ಮನೆಯ ಮಾಡನ್ನೂ ಹೊದಿಸುತ್ತಾರೆ. ಕ್ರಿಯಾಪದ ಒಂದೇ, ಕೆಲಸ ಬೇರೆ. ಈಗ ತಾನೇ ನಾವು ಹಿರಿಯರಿಗೆ ಶಾಲು ಹೊದಿಸಿದೆವು. ಅದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಅವರಾದರೋ ಐವತ್ತು ವರ್ಷಗಳಿಂದ ಈ ಕಣಿವೆಯ ಮನೆಗಳಿಗೆ, ಕೊಟ್ಟಿಗೆಗಳಿಗೆ, ದೈವದ ಗುಡಿಗಳಿಗೆ ಹೊದಿಸುತ್ತಲೇ ಬಂದಿದ್ದಾರೆ. ಅಭಿನಂದನೆಯ ಭಾಷಣದಲ್ಲಿ ಹೊಗಳಿಕೆ ಹೆಚ್ಚಿರುವುದು ವಾಡಿಕೆ. ನಾನೂ ಅಂತಹ ಕೆಲವು ಮಾತುಗಳನ್ನು ಬರೆದುಕೊಂಡಿದ್ದೆ. ಆದರೆ ನಿನ್ನೆ ಸಂಜೆ ಹಿರಿಯರು ನನ್ನನ್ನು ಕಂಡಾಗ ಕೇಳಿದ ಒಂದು ಪ್ರಶ್ನೆ ಆ ಕಾಗದವನ್ನು ಮಡಚಿಡುವಂತೆ ಮಾಡಿತು. ಸನ್ಮಾನವೇನೋ ಸರಿ, ಮುಂದಿನ ವರ್ಷಕ್ಕೆ ಹುಲ್ಲು ಎಲ್ಲಿಂದ ತರುವುದು ಎಂದು ಅವರು ಕೇಳಿದರು. ನನ್ನ ಇಂದಿನ ಮಾತು ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

ಮೊದಲು ನನ್ನ ತಪ್ಪೊಪ್ಪಿಗೆ. ನಾನು ಹುಟ್ಟಿದ್ದು ಮುಳಿಹುಲ್ಲಿನ ಮಾಡಿನ ಕೆಳಗೆ. ತಂದೆಯವರ ನಡುವಯಸ್ಸಿನಲ್ಲಿ ಮನೆಗೆ ಹಂಚು ಬಂತು. ನಾನು ಮೇಷ್ಟ್ರ ಕೆಲಸಕ್ಕೆ ಸೇರಿ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಹಂಚನ್ನು ಇಳಿಸಿ ತಾರಸಿ ಹಾಕಿಸಿದೆ. ಮೂರನೆಯ ಮಳೆಗಾಲಕ್ಕೆ ತಾರಸಿ ಜಿನುಗತೊಡಗಿತು. ಗೋಡೆಗೆ ಪಾಚಿ ಹಿಡಿಯಿತು. ಕೊನೆಗೆ ತಾರಸಿಯ ಮೇಲೆ ಕಬ್ಬಿಣದ ಕಂಬಗಳನ್ನು ನಿಲ್ಲಿಸಿ ತಗಡಿನ ಇಳಿಜಾರು ಮಾಡೊಂದನ್ನು ಕಟ್ಟಿಸಬೇಕಾಯಿತು. ಘಟ್ಟದ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುತ್ತ ಹೋದರೆ ಇಂತಹ ಮನೆಗಳು ಎಷ್ಟಿವೆಯೆಂದು ನೀವೇ ಎಣಿಸಬಹುದು. ಇಳಿಜಾರು ಬೇಡವೆಂದು ತೆಗೆದ ನಾವು ಹಣ ತೆತ್ತು ಮತ್ತೆ ಇಳಿಜಾರನ್ನೇ ಕೊಂಡೆವು. ಹೊಸದಾಗಿ ಕೊಂಡದ್ದರಲ್ಲಿ ನಮ್ಮ ಊರಿನ ಹುಲ್ಲೂ ಇಲ್ಲ, ಮಣ್ಣೂ ಇಲ್ಲ, ನಮ್ಮವರ ಕೈಯೂ ಇಲ್ಲ.

ಮಾಡಿನ ವಿದ್ಯೆ

ಹುಲ್ಲು ಹೊದಿಸುವುದೂ ಒಂದು ವಿದ್ಯೆಯೇ ಎಂದು ಕೇಳುವವರಿದ್ದಾರೆ. ವಿದ್ಯಾರ್ಥಿಗಳಿಗಾಗಿ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ಹುಲ್ಲುಕಡ್ಡಿ ಮಳೆಯನ್ನು ತಡೆಯಲಾರದು. ತನ್ನ ಮೇಲೆ ಬಿದ್ದ ಹನಿಯನ್ನು ಕೆಳಗಿನ ಕಡ್ಡಿಗೆ ದಾಟಿಸುವುದಷ್ಟೇ ಅದರ ಕೆಲಸ. ಸಾವಿರಾರು ಕಡ್ಡಿಗಳು ಹೀಗೆ ದಾಟಿಸುತ್ತ ಹೋದಾಗ ನೀರು ಒಳಗಿಳಿಯುವ ಮೊದಲೇ ಸೂರಿನ ಅಂಚಿಗೆ ಬಂದು ಉದುರುತ್ತದೆ. ಇದಕ್ಕೆ ಇಳಿಜಾರು ಕಡಿದಾಗಿರಬೇಕು. ಹುಲ್ಲಿನ ಮಾಡಿಗೆ ಸುಮಾರು 45 ಡಿಗ್ರಿ ಬೇಕು, ಹಂಚಿಗೆ ಅದಕ್ಕಿಂತ ಕಡಿಮೆ ಸಾಕು. ಹಿರಿಯರ ಬಳಿ ಕೋನಮಾಪಕವಿಲ್ಲ. ಮನೆಯ ಅಗಲವನ್ನು ಹಗ್ಗದಿಂದ ಅಳೆದು, ಹಗ್ಗವನ್ನು ಎರಡಾಗಿ ಮಡಚಿ, ಆ ಉದ್ದದಷ್ಟು ಎತ್ತರಕ್ಕೆ ನೆತ್ತಿಯನ್ನು ನಿಲ್ಲಿಸುತ್ತಾರೆ. ಅಗಲದ ಅರ್ಧದಷ್ಟು ಎತ್ತರವಿದ್ದರೆ ಕೋನ 45 ಡಿಗ್ರಿ ಎಂಬುದನ್ನು ನೀವು ಹೈಸ್ಕೂಲಿನ ರೇಖಾಗಣಿತದಲ್ಲಿ ಓದುತ್ತೀರಿ. ಅವರು ಅದನ್ನು ಹಗ್ಗದಲ್ಲಿ ಓದಿದ್ದಾರೆ.

ಇನ್ನು ಬಿದಿರು. ಮಳೆ ಮುಗಿದ ಮೇಲೆ, ಕೃಷ್ಣಪಕ್ಷದಲ್ಲಿ, ಬಲಿತ ಬಿದಿರನ್ನೇ ಆರಿಸಿ ಕಡಿಯಬೇಕೆಂಬುದು ರೂಢಿ. ಬಿದಿರಿನೊಳಗಿನ ಪಿಷ್ಟವೇ ಕೊರೆಯುವ ಹುಳುವಿನ ಆಹಾರ.  ಕಡಿದ ಬಿದಿರನ್ನು ಹರಿಯುವ ತೋಡಿನಲ್ಲಿ ಕೆಲವು ವಾರ ಮುಳುಗಿಸಿಟ್ಟರೆ ಪಿಷ್ಟ ತೊಳೆದುಹೋಗುತ್ತದೆ. ಆಮೇಲೆ ಉಳಿದ ರಕ್ಷಣೆಯನ್ನು ಒಲೆಯ ಹೊಗೆ ನೋಡಿಕೊಳ್ಳುತ್ತದೆ. ಹೊಗೆ ಏರಿ ಅಟ್ಟವನ್ನೂ ಬಿದಿರನ್ನೂ ಹುಲ್ಲಿನ ಒಳಮೈಯನ್ನೂ ಕಪ್ಪಾಗಿಸುತ್ತಿತ್ತು. ಆ ಕಪ್ಪನ್ನು ಕೊಳೆಯೆಂದು ತಿಳಿದಿದ್ದ ನನಗೆ, ಅದೇ ಮಾಡಿನ ಔಷಧಿಯೆಂದು ತಿಳಿಯಲು ತಲೆ ನರೆಯಬೇಕಾಯಿತು.

ಕೆಲಸಕ್ಕೆ ಕಾಲವೂ ಗೊತ್ತುಪಡಿಸಿದ್ದು. ಹುತ್ತರಿ ಕಳೆದು ಗದ್ದೆ ಕೊಯ್ಲಾದರೆ ಬೈಹುಲ್ಲು ಕೈಗೆ ಬರುತ್ತದೆ. ಗುಡ್ಡದ ಮುಳಿಹುಲ್ಲು ಒಣಗಿ ಕೊಯ್ಲಿಗೆ ಸಿದ್ಧವಾಗುವುದೂ ಆ ಚಳಿಗಾಲದಲ್ಲೇ. ಬೈಹುಲ್ಲಿನ ಮಾಡಿಗೆ ವರ್ಷವರ್ಷವೂ ಹೊಸ ಹೊದಿಕೆ ಬೇಕು. ಮುಳಿಹುಲ್ಲು ಅದಕ್ಕಿಂತ ಹೆಚ್ಚು ಬಾಳುತ್ತದೆ. ಯಾವುದಾದರೂ ಸರಿ, ಪತ್ತನಾಜೆಗೆ ಮೊದಲು ಮಾಡು ಮುಗಿಯಬೇಕು. ಆಮೇಲೆ ಮಳೆ ಯಾರ ಮಾತನ್ನೂ ಕೇಳುವುದಿಲ್ಲ. ಹೊದಿಕೆ ಸೂರಿನಿಂದ ತೊಡಗಿ ನೆತ್ತಿಯ ಕಡೆಗೆ ಏರುತ್ತದೆ. ಪ್ರತಿಯೊಂದು ಸಾಲೂ ಕೆಳಗಿನ ಸಾಲಿನ ಕಟ್ಟನ್ನು ಮುಚ್ಚಬೇಕು. ಎರಡು ಇಳಿಜಾರುಗಳು ಕೂಡುವ ನೆತ್ತಿಯೇ ಅತ್ಯಂತ ಕಷ್ಟದ ಜಾಗ. ಅಲ್ಲಿ ಕುಳಿತು ಕಟ್ಟುವವನೇ ಗುರು. ಆದರೆ ಹುಲ್ಲು ಕೊಯ್ದು, ಹೊತ್ತು ತಂದು, ಕಸ ಬಾಚಿ, ಹಿಡಿಹಿಡಿಯಾಗಿ ಕಟ್ಟಿ ಮೇಲಕ್ಕೆ ಕೊಡುತ್ತಿದ್ದವರು ಬಹುಪಾಲು ಹೆಂಗಸರು. ಕೆಳಗಿನ ಕೈ ಸರಿಯಿಲ್ಲದಿದ್ದರೆ ಮೇಲಿನ ಕೈ ಏನೂ ಮಾಡಲಾರದು. ತಮ್ಮ ಒಬ್ಬರ ಹೆಸರು ಅಚ್ಚಾಗುವುದು ಬೇಡವೆಂದು ಹಿರಿಯರು ಹೇಳಿದ್ದರ ಅರ್ಥ ಇದು. ಹಾಗೆಯೇ ಈ ಕೆಲಸ ಸಾಗುತ್ತಿದ್ದುದು ಮುಯ್ಯಾಳಿನಿಂದ. ಇಂದು ನನ್ನ ಮಾಡಿಗೆ ನೀವು, ನಾಳೆ ನಿಮ್ಮ ಮಾಡಿಗೆ ನಾನು.

ಹಾಗೆಂದು ಹಳೆಯದನ್ನೆಲ್ಲ ಚಿನ್ನವೆಂದು ಹೇಳಲಾರೆ. ಹುಲ್ಲಿನ ಮಾಡಿಗೆ ಬೆಂಕಿಯ ಭಯವಿತ್ತು. ಇಲಿ, ಚೇಳು, ಹಾವು ಅದರೊಳಗೆ ಸೇರುತ್ತಿದ್ದವು. ಹುಲ್ಲು ಸಾಲದ ವರ್ಷ ಬಡವರ ಮನೆಯಲ್ಲಿ ಆಟಿ ತಿಂಗಳಿಡೀ ಪಾತ್ರೆಗಳನ್ನು ಸೋರುವ ಜಾಗಕ್ಕೆ ಒಡ್ಡಿ ಕೂರಬೇಕಿತ್ತು. ಅದನ್ನು ಬಿಟ್ಟವರು ಮೂಢರಲ್ಲ. ಬಡವರು ಹುಲ್ಲಿನ ಕೆಳಗೇ ಇರಲಿ, ನಾವು ತಾರಸಿಯ ಕೆಳಗಿನಿಂದ ಪರಂಪರೆಯನ್ನು ಹಾಡಿ ಹೊಗಳೋಣ ಎಂಬುದು ನ್ಯಾಯವೂ ಅಲ್ಲ.

ಗುಡ್ಡ ಹೋದರೆ ಮಾಡೂ ಹೋಗುತ್ತದೆ

ಹಿರಿಯರ ಪ್ರಶ್ನೆಗೆ ಬರುತ್ತೇನೆ. ಹುಲ್ಲು ಎಲ್ಲಿ ಹೋಯಿತು?

ಸಂಪಾಜೆ ಎಂಬ ಹೆಸರಿನ ಗ್ರಾಮ ಗಡಿಯ ಎರಡೂ ಕಡೆ ಇದೆ. ಕೊಡಗಿನ ಕಡೆ ಗದ್ದೆಯೊಂದಿಗೆ ಸೇರಿಬಂದ ಬಾಣೆ ಇತ್ತು. ದಕ್ಷಿಣ ಕನ್ನಡದ ಕಡೆ ವರ್ಗ ಜಮೀನಿನ ಅಂಚಿನಿಂದ 100 ಗಜದೊಳಗಿನ ಕುಮ್ಕಿ ಇತ್ತು. ಹೆಸರು ಬೇರೆಯಾದರೂ ಉದ್ದೇಶ ಒಂದೇ: ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು, ಮಾಡಿಗೆ ಹುಲ್ಲು. ಕಾಲ ಕಳೆದಂತೆ ಬಾಣೆ ಕಾಫಿಯಾಯಿತು, ಕುಮ್ಕಿ ರಬ್ಬರ್ ಮತ್ತು ಗೇರುತೋಟವಾಯಿತು. ಮುಳಿಹುಲ್ಲು ಬಿಸಿಲಿನ ಗಿಡ. ಮರಗಳ ದಟ್ಟ ನೆರಳಿನಲ್ಲಿ ಅದು ಬಾಳದು.

ಗದ್ದೆಯ ಕಥೆಯೂ ಇದೇ. ನಮ್ಮ ಹಳೆಯ ಭತ್ತದ ತಳಿಗಳು ಎತ್ತರಕ್ಕೆ ಬೆಳೆಯುತ್ತಿದ್ದವು. ಅವುಗಳ ಹುಲ್ಲು ಉದ್ದ, ಗಟ್ಟಿ. 1960ರ ದಶಕದಿಂದ ಬಂದ ಗಿಡ್ಡ ತಳಿಗಳು ಕಾಳನ್ನು ಹೆಚ್ಚು ಕೊಟ್ಟವು, ಹುಲ್ಲನ್ನು ಮೊಟಕುಗೊಳಿಸಿದವು. ಆಮೇಲೆ ಕೊಯ್ಲಿನ ಯಂತ್ರ ಬಂದು ಇದ್ದ ಹುಲ್ಲನ್ನೂ ತುಂಡರಿಸಿತು. ಕೊನೆಗೆ ಗದ್ದೆಯೇ ಅಡಕೆತೋಟವಾಯಿತು. ಹೀಗೆ ಮಾಡಿನ ವಿದ್ಯೆ ಮಾಡಿನ ಮೇಲೆ ಸಾಯಲಿಲ್ಲ. ಅದು ಗುಡ್ಡದಲ್ಲಿ, ಗದ್ದೆಯಲ್ಲಿ ಬೇರು ಕಡಿಸಿಕೊಂಡಿತು.

ಹಂಚಿನದೂ ಒಂದು ಪಾಠವಿದೆ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್‌ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ದಡದ ಜೇಡಿಮಣ್ಣಿನಿಂದ ತಯಾರಾದ ಹಂಚು ಘಟ್ಟ ಹತ್ತಿತು, ಹಡಗನ್ನೂ ಹತ್ತಿತು. ಅಂದು ಅದು ಹೊಸತು, ಪರದೇಶದ ವಿಧಾನ. ಆದರೂ ಅದು ನಮ್ಮದಾಯಿತು. ಏಕೆಂದರೆ ಪಕ್ಕಾಸು, ರೀಪುಗಳ ಅಳತೆಯನ್ನು ನಮ್ಮ ಬಡಗಿಗಳು ಕಲಿತರು, ಬೇಸಗೆಯಲ್ಲಿ ಹಂಚನ್ನು ಕೈಯಾಡಿಸುವುದನ್ನು ಮನೆಮಂದಿ ಕಲಿತರು. ಒಡೆದ ಒಂದೇ ಹಂಚನ್ನು ತೆಗೆದು ಬೇರೊಂದನ್ನು ಇಡಬಹುದು, ಇಳಿಸಿದ ಹಂಚನ್ನು ಇನ್ನೊಂದು ಮನೆಗೆ ಏರಿಸಬಹುದು. ಆದ್ದರಿಂದ ಪರಂಪರೆ ಎಂದರೆ ಹಳೆಯದು ಎಂದಷ್ಟೇ ಅರ್ಥವಲ್ಲ. ಊರಿನ ಕೈಗಳು ಕಲಿತು ದುರಸ್ತಿ ಮಾಡಿಕೊಳ್ಳಬಲ್ಲದ್ದು ಪರಂಪರೆ. ಇಂದು ಮಂಗಳೂರಿನ ಹಂಚಿನ ಕಾರ್ಖಾನೆಗಳೂ ಬಹುಪಾಲು ಮುಚ್ಚಿವೆ. ಮಣ್ಣು, ಸೌದೆ, ಕೈಯಾಳು ಮೂರೂ ದುರ್ಲಭವಾದವು.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು, ಮೊಣ್ಣಂಗೇರಿಗಳ ಗುಡ್ಡಗಳು ಜಾರಿದಾಗ ನಮ್ಮೂರಿನವರು ನೆರೆಯವರಿಗೆ ಶಿಬಿರಗಳಲ್ಲಿ ಗಂಜಿ ಬಡಿಸಿದ್ದನ್ನು ಮರೆತಿಲ್ಲ. ಆ ಮಣ್ಣಿನ ಎದುರು ಹುಲ್ಲು, ಹಂಚು, ತಾರಸಿ ಯಾವುದೂ ನಿಲ್ಲಲಾರದು. 2022ರ ಜೂನ್ 28ರ ಬೆಳಿಗ್ಗೆ ಚೆಂಬು, ಸಂಪಾಜೆ, ಕಲ್ಲುಗುಂಡಿಗಳಲ್ಲಿ ನೆಲ ನಡುಗಿತು. ಕಂಪನದ ಪ್ರಮಾಣ 3.0 ಎಂದು ದಾಖಲಾಯಿತು. ಅಂದು ಅಂಗಳಕ್ಕೆ ಓಡಿಬಂದ ನಾನು ಮೊದಲು ತಿರುಗಿ ನೋಡಿದ್ದು ನನ್ನ ತಾರಸಿಯನ್ನು. ತಲೆಯ ಮೇಲೆ ಎಷ್ಟು ಭಾರವನ್ನು ಹೇರಿಕೊಂಡಿದ್ದೇನೆ ಎಂಬ ಯೋಚನೆ ಮೊದಲ ಬಾರಿಗೆ ಬಂತು. ಹಗುರವಾದ ಮನೆ ಗುಡ್ಡದಿಂದ ಕಡಿಮೆ ಕೇಳುತ್ತದೆ. ಅದಕ್ಕಾಗಿ ಗುಡ್ಡವನ್ನು ಅಷ್ಟು ಕಡಿಯಬೇಕಾಗಿಲ್ಲ, ಹೊಳೆಯಿಂದ ಅಷ್ಟು ಮರಳನ್ನು ಎತ್ತಬೇಕಾಗಿಲ್ಲ. ಪಯಸ್ವಿನಿಯ ದಡದಲ್ಲಿ ವಾಸಿಸುವ ನಮಗೆ ಇದು ಸಣ್ಣ ಮಾತಲ್ಲ.

ಕಡತದಲ್ಲಿ ಕಚ್ಚಾ, ವೇದಿಕೆಯಲ್ಲಿ ಪರಂಪರೆ

ಈಗ ಮನ್ನಣೆಯ ವಿಚಾರ. ನಮ್ಮ ಸುತ್ತಲಿನ ಸೀಮೆಗೆ ಇತ್ತೀಚೆಗೆ ದೊಡ್ಡ ಗೌರವಗಳು ಸಂದಿವೆ. 2022ರಲ್ಲಿ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ ಪದ್ಮಶ್ರೀ ಬಂತು. ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿ, ಹಲವು ಬಾರಿ ನೀರು ಸಿಗದಿದ್ದರೂ ಬಿಡದೆ, ಕೊನೆಗೆ ತೋಟಕ್ಕೆ ನೀರು ತಂದವರು ಅವರು. 2023ರಲ್ಲಿ ಉಮ್ಮತ್ತಾಟ್ ಕಲೆಗಾಗಿ ಕೊಡಗಿನ ರಾಣಿ ಮಾಚಯ್ಯನವರಿಗೆ ಬಂತು. 2024ರಲ್ಲಿ, ನಮ್ಮ ಪಯಸ್ವಿನಿ ಚಂದ್ರಗಿರಿಯಾಗಿ ಸಮುದ್ರ ಸೇರುವ ಕಾಸರಗೋಡು ಜಿಲ್ಲೆಯ ಸತ್ಯನಾರಾಯಣ ಬೇಳೇರಿಯವರಿಗೆ ಬಂತು. ಅವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದವರು. ಎತ್ತರದ ಭತ್ತ ಉಳಿದರೆ ಉದ್ದದ ಹುಲ್ಲೂ ಉಳಿಯುತ್ತದೆ. ಆದ್ದರಿಂದ ಆ ಗೌರವದಲ್ಲಿ ಮಾಡು ಕಟ್ಟುವವನ ಪಾಲೂ ಇದೆಯೆಂದು ನಾನು ತಿಳಿದಿದ್ದೇನೆ.

ಕಟ್ಟಡದ ಕ್ಷೇತ್ರದಲ್ಲಿ 1990ರಲ್ಲಿ ಪದ್ಮಶ್ರೀ ಪಡೆದ ಲಾರಿ ಬೇಕರ್ ಹಿಮಾಲಯದ ಪಿತೋರಗಢದಲ್ಲಿ ಹದಿನಾರು ವರ್ಷ ಇದ್ದು, ಬೆಟ್ಟದ ಕುಶಲಕರ್ಮಿಗಳಿಂದ ಕಲಿತೆನೆಂದು ಹೇಳಿಕೊಳ್ಳಲು ಸಂಕೋಚಪಡಲಿಲ್ಲ. ಮುಂದೆ ಕೇರಳದಲ್ಲಿ ಮಂಗಳೂರು ಹಂಚನ್ನು ಕಾಂಕ್ರೀಟಿನ ನಡುವೆ ತುಂಬಿ, ಸಿಮೆಂಟು ಕಬ್ಬಿಣಗಳನ್ನು ಉಳಿಸುವ ತಾರಸಿಯನ್ನು ರೂಢಿಗೆ ತಂದರು. ಹಳೆಯ ಹಂಚಿಗೂ ಹೊಸ ಕಟ್ಟಡದಲ್ಲಿ ಕೆಲಸವಿದೆಯೆಂದು ಅವರು ತೋರಿಸಿಕೊಟ್ಟರು.

ಆದರೆ ಸಾಮಾನ್ಯ ಮಾಡು ಕಟ್ಟುವವನ ಸ್ಥಿತಿ ಏನು? ಸರಕಾರದ ಗಣತಿಯಲ್ಲಿ ಹುಲ್ಲಿನ ಮಾಡು 'ಕಚ್ಚಾ'. ಅದು ಬಡತನದ ಗುರುತು, ಅಳಿಸಬೇಕಾದ ಗುರುತು. ಅದೇ ಮಾಡು ಪ್ರವಾಸೋದ್ಯಮದ ಕರಪತ್ರದಲ್ಲಿ 'ಪರಂಪರೆ'. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳ ಪಟ್ಟಿಯಿದೆ. ಬಡಗಿ ಇದ್ದಾನೆ, ಕುಂಬಾರ ಇದ್ದಾನೆ, ಗಾರೆ ಕೆಲಸದವನಿದ್ದಾನೆ, ಬುಟ್ಟಿ ಚಾಪೆ ಹೆಣೆಯುವವರೂ ಇದ್ದಾರೆ. ಮಾಡು ಹೊದಿಸುವವನಿಗೆ ಅಲ್ಲಿ ಪ್ರತ್ಯೇಕ ಸಾಲಿಲ್ಲ. ಹಿರಿಯರು ಕಳೆದ ವರ್ಷ ಹೊದಿಸಿದ್ದು ಎರಡೇ ಮಾಡು. ಒಂದು ದೈವದ ಗುಡಿ, ಇನ್ನೊಂದು ಘಟ್ಟದ ಮೇಲೆ ಪ್ರವಾಸಿಗರು ಕಾಫಿ ಕುಡಿಯುವ ಗುಡಿಸಲು. ಈ ವರ್ಷ ಆ ಗುಡಿಸಲಿಗೆ ಪ್ಲಾಸ್ಟಿಕ್ಕಿನ ಹುಲ್ಲು ಬಂದಿದೆ. ಹಿರಿಯರೊಂದಿಗೆ ಕೈಗೂಡಿಸುತ್ತಿದ್ದ ಆರು ಮಂದಿಯಲ್ಲಿ ಈಗ ಉಳಿದವರು ಇಬ್ಬರು.

ಬೇರೆ ದೇಶವೊಂದು ಇದನ್ನು ಹೇಗೆ ಯೋಚಿಸಿತೆಂದು ನೋಡೋಣ. ಜಪಾನು 1975ರಲ್ಲಿ ತನ್ನ ಕಾನೂನಿಗೆ ತಿದ್ದುಪಡಿ ತಂದು, ಹಳೆಯ ಕಟ್ಟಡಗಳನ್ನಲ್ಲದೆ ಅವುಗಳನ್ನು ಉಳಿಸುವ ಕೈಕಸುಬುಗಳನ್ನೂ ಗುರುತಿಸಿ ನೆರವಾಗುವ ಪದ್ಧತಿಯನ್ನು ಆರಂಭಿಸಿತು. 2020ರಲ್ಲಿ ಯುನೆಸ್ಕೋ ಆ ದೇಶದ ಮರದ ಕಟ್ಟಡಗಳನ್ನು ಕಾಯುವ 17 ಕೌಶಲಗಳನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಹುಲ್ಲು ಹೊದಿಸುವುದಿದೆ, ಹಂಚು ಹೊದಿಸುವುದಿದೆ. ಅದಲ್ಲದೆ ಮಾಡಿಗೆ ಬೇಕಾದ ಹುಲ್ಲನ್ನು ಕೊಯ್ಯುವುದು ಒಂದು ಪ್ರತ್ಯೇಕ ಕೌಶಲವಾಗಿ ಆ ಪಟ್ಟಿಯಲ್ಲಿದೆ. ನಮ್ಮ ಹಿರಿಯರು ನಿನ್ನೆ ಕೇಳಿದ ಪ್ರಶ್ನೆಯನ್ನು ಅಲ್ಲಿಯವರು ಮೊದಲೇ ಕೇಳಿಕೊಂಡಿದ್ದರು. ಅಲ್ಲಿನ ಶಿರಾಕಾವಾ ಎಂಬ ಬೆಟ್ಟದ ಹಳ್ಳಿ 1995ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಊರಿಗೆ ಊರೇ ಸೇರಿ ಒಬ್ಬರ ಮನೆಗೆ ಹುಲ್ಲು ಹೊದಿಸುವ ಪದ್ಧತಿಯನ್ನು ಅಲ್ಲಿ 'ಯುಯಿ' ಎನ್ನುತ್ತಾರೆ. ನಾವು ಅದನ್ನು ಮುಯ್ಯಾಳು ಎಂದು ಕರೆದು ಮರೆತೆವು.

ನಾವು ಮಾಡಬಹುದಾದದ್ದು

ದೆಹಲಿಯಿಂದ ಬರುವ ಮನ್ನಣೆಗೆ ಕಾಯುತ್ತ ಕೂರುವುದು ಬೇಡ. ನಮ್ಮ ಕೈಯಲ್ಲೇ ಕೆಲವು ದಾರಿಗಳಿವೆ.

ಮೊದಲನೆಯದು ಪಂಚಾಯಿತಿ. 2002ರ ಜೀವವೈವಿಧ್ಯ ಕಾಯಿದೆಯಂತೆ ಸ್ಥಳೀಯ ಸಂಸ್ಥೆಯ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಮುಳಿಹುಲ್ಲು, ಬಿದಿರು, ಬೆತ್ತ, ಕಟ್ಟುವ ಬಳ್ಳಿ ಇವುಗಳ ಹೆಸರು, ಬೆಳೆಯುವ ಜಾಗ, ಕೊಯ್ಯುವ ಕಾಲ, ಬಳಸುವ ಕ್ರಮ ಅದರಲ್ಲಿ ಸೇರಲಿ. ವಿದ್ಯಾರ್ಥಿಗಳು ನೋಟುಪುಸ್ತಕ ಹಿಡಿದು ಹಿರಿಯರೊಂದಿಗೆ ಒಂದು ವಾರ ಗುಡ್ಡ ಸುತ್ತಿದರೆ ಅರ್ಧ ಕೆಲಸ ಮುಗಿದಂತೆ. ಕೊಯ್ದು ಬಾಚಿದ ಹೆಂಗಸರನ್ನೂ ಕೇಳಲು ಮರೆಯಬೇಡಿ.

ಎರಡನೆಯದು ಹಕ್ಕು. 2006ರ ಅರಣ್ಯ ಹಕ್ಕು ಕಾಯಿದೆ ಅರಣ್ಯವಾಸಿಗಳಿಗೆ ಬಿದಿರು, ಬೆತ್ತ ಮೊದಲಾದ ಕಿರು ಅರಣ್ಯ ಉತ್ಪನ್ನಗಳ ಮೇಲೆ ಹಕ್ಕು ಕೊಟ್ಟಿದೆ. ಜೀವವೈವಿಧ್ಯ ಮತ್ತು ಸಾಂಸ್ಕೃತಿಕ ವೈವಿಧ್ಯಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನವೂ ಸಮುದಾಯದ ಹಕ್ಕೆಂದು ಹೇಳಿದೆ. 2017ರ ತಿದ್ದುಪಡಿಯ ಬಳಿಕ ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಭಾರತೀಯ ಅರಣ್ಯ ಕಾಯಿದೆ ಮರವೆಂದು ಎಣಿಸುವುದಿಲ್ಲ. ಹಿತ್ತಿಲ ಬದಿಯಲ್ಲಿ ಒಂದು ಹಿಂಡಿಲು ಬಿದಿರು ನೆಡುವವರು ಹಿಂಜರಿಯಬೇಕಾಗಿಲ್ಲ.

ಮೂರನೆಯದು ಕೂಲಿ. ಗಾರೆಯ ಮೇಸ್ತ್ರಿಗೆ ಕೊಡುವ ಸಂಬಳವನ್ನೇ ಮಾಡಿನ ನೆತ್ತಿಯಲ್ಲಿ ಕೂರುವವನಿಗೂ ಕೊಡೋಣ. ಕುಶಲಿಗನಿಗೆ ಕುಶಲಿಗನ ಕೂಲಿ ಸಿಗದ ಊರಿನಲ್ಲಿ ಸನ್ಮಾನ ಪತ್ರ ಗೋಡೆಗೆ ಭಾರ.

ನಾಲ್ಕನೆಯದು ಹುಲ್ಲು. ನನ್ನ ಮನೆಯ ಹಿಂದಿನ ಬಾಣೆಯಲ್ಲಿ ಮುದಿಯಾದ ರಬ್ಬರ್ ಮರಗಳಿವೆ. ಹಾಲು ನಿಂತಿದೆ, ಈ ಬೇಸಗೆ ಕಡಿಸಬೇಕು. ಮತ್ತೆ ರಬ್ಬರ್ ಹಾಕಲು ಸಸಿ ಹೇಳಿಟ್ಟಿದ್ದೆ. ನಿನ್ನೆ ರಾತ್ರಿ ಮನೆಯವರೊಂದಿಗೆ ಮಾತನಾಡಿ, ಅದರಲ್ಲಿ ಅರ್ಧ ಎಕರೆಯನ್ನು ಮುಳಿಹುಲ್ಲಿಗೆ ಬಿಡುವುದೆಂದು ತೀರ್ಮಾನಿಸಿದೆವು. ಉಳಿದ ಗುಡ್ಡಗಳಿಂದ ಬುಡ ತಂದು ನೆಡೋಣ. ಅದು ಮಾಡಿಗೆ ಒದಗುವ ತನಕ ನೆರೆಯ ಗದ್ದೆಗಳ ಬೈಹುಲ್ಲು ಇದೆ. ಅರ್ಧ ಎಕರೆಯಲ್ಲಿ ಊರಿನ ಮಾಡುಗಳು ಮುಗಿಯುವುದಿಲ್ಲ, ನಿಜ. ಆದರೆ ಒಂದು ಕೊಟ್ಟಿಗೆಯ ಮಾಡಾದರೂ ವರ್ಷವರ್ಷ ಹೊದಿಸಲು ಸಿಕ್ಕರೆ, ಒಂದು ತರಗತಿಯ ಮಕ್ಕಳ ಕೈಗೆ ಆ ಕೆಲಸ ಹತ್ತುತ್ತದೆ. ಹುಲ್ಲಿನ ಮಾಡು ಹಳತಾಗುತ್ತದೆ, ಕೊಳೆಯುತ್ತದೆ, ಮತ್ತೆ ಕಟ್ಟಿಸಿಕೊಳ್ಳುತ್ತದೆ. ಅದು ಅದರ ದೋಷವೆಂದು ನಾನು ತಿಳಿದಿದ್ದೆ. ಮತ್ತೆ ಮತ್ತೆ ಕಟ್ಟಬೇಕಾಗಿರುವುದರಿಂದಲೇ ಅಪ್ಪನ ಕೆಲಸ ಮಗನಿಗೆ ತಿಳಿಯುತ್ತಿತ್ತು.

ಹಿರಿಯರಲ್ಲಿ ನನ್ನದೊಂದು ಬೇಡಿಕೆ. ನನ್ನ ಮನೆಯ ಕೊಟ್ಟಿಗೆಯ ತಗಡನ್ನು ಈ ವರ್ಷ ಇಳಿಸುತ್ತೇನೆ. ತಾವು ನೆತ್ತಿಯಲ್ಲಿ ಕುಳಿತು ಈ ಮಕ್ಕಳಿಗೆ ತೋರಿಸಿಕೊಡಬೇಕು. ಪತ್ತನಾಜೆಗೆ ಮೊದಲು ಕೆಲಸ ಮುಗಿಯಬೇಕು. ಏಣಿ ಹಿಡಿಯಲು ನಾನಿರುತ್ತೇನೆ.